ಬೇಹಿನ ಸವಾರರೂ ಬೆಳ್ಳಿಯ ಪದಕವೂ

ಅರಸರಿಗೆ ಚಾರರೇ ಕಣ್ಣು ಎಂಬುದು ನಮ್ಮ ನೀತಿಶಾಸ್ತ್ರಕಾರರ ಮತ. ದಂಡಿಗಂತೂ ಈ ಮಾತು ಅಕ್ಷರಶಃ ಸಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಆಫ್ರಿಕದಲ್ಲಿ ಆಂಗ್ಲರು ನಡೆಸಿದ ಯುದ್ಧಗಳಲ್ಲಿ ಅವರ ಸೈನ್ಯಕ್ಕೆ ಕಣ್ಣಾಗಿದ್ದವರು ಬಹುಮಟ್ಟಿಗೆ ಆ ನೆಲದ ಮಕ್ಕಳೇ. ದೂರದಲ್ಲಿ ಏಳುವ ಧೂಳು ದನದ ಮಂದೆಯದೋ ದಂಡಿನದೋ, ನದಿಯನ್ನು ಯಾವ ಕಡವಿನಲ್ಲಿ ಹಾಯಬಹುದು ಎಂಬುದನ್ನು ಅರಿಯಲು ಪರದೇಶದ ನಕಾಶೆ ಸಾಲದಷ್ಟೆ. ಇಂತಹ ಸವಾರರನ್ನು ಚರಿತ್ರೆಯ ಗ್ರಂಥಗಳು ಹೆಸರಿಟ್ಟು ಕರೆಯುವುದು ವಿರಳ. ಅವರ ಹೆಸರು ಉಳಿದಿರುವ ತಾಣಗಳಲ್ಲಿ ಯುದ್ಧಪದಕದ ಅಂಚೂ ಒಂದು. ಆ ಅಂಚನ್ನು ಓದುವ ಬಗೆಯನ್ನು ಶ್ರೋತೃಗಳಿಗೆ ಈ ಹೊತ್ತು ನಿವೇದಿಸುತ್ತೇನೆ.

ಹಿಂದಿನ ನೇಟಾಲ್ ಪ್ರಾಂತದ ಪೀಟರ್‌ಮಾರಿಟ್ಸ್‌ಬರ್ಗ್ ಪಟ್ಟಣದ ಬಳಿ ಈಡನ್‌ಡೇಲ್ ಎಂಬ ಊರಿದೆ. ಜೇಮ್ಸ್ ಆಲಿಸನ್ ಎಂಬ ಪಾದ್ರಿಯೂ ಅವನ ಆಫ್ರಿಕದ ಶಿಷ್ಯರೂ 1851ರಲ್ಲಿ ಅದನ್ನು ನೆಲೆಗೊಳಿಸಿದರು. ಆ ಊರಿನ ಎಲೈಜಾ ಕಾಂಬುಲೆ ಎಂಬಾತನು 1873ರ ನವೆಂಬರ್ 4ರಂದು ಬುಷ್‌ಮನ್ಸ್ ನದಿಯ ಕಣಿವೆಯಲ್ಲಿ ಮೇಜರ್ ಡರ್ನ್‌ಫರ್ಡನ ಜೊತೆಯಲ್ಲಿ ಹೋರಾಡುತ್ತ ಮಡಿದನು. ಆರು ವರ್ಷಗಳೊಳಗಾಗಿ ಜೂಲೂ ಯುದ್ಧವು ಒದಗಿತು. ಆಗ ಎಲೈಜಾನ ಮಗನಾದ ಸಿಮಿಯನ್ ಕಾಂಬುಲೆಯು ಈಡನ್‌ಡೇಲಿನ ಸವಾರರೊಡನೆ ಅದೇ ಡರ್ನ್‌ಫರ್ಡನ ಕೈಕೆಳಗೆ ಹೊರಟನು.

1879ರ ಜನವರಿ 22ರಂದು ಇಸಾಂಡ್ಲ್‌ವಾನ ಬೆಟ್ಟದ ಬುಡದಲ್ಲಿ ಆಂಗ್ಲರ ಪಾಳೆಯವಿದ್ದಿತು. ಬೇಹಿಗೆ ಹೋಗಿದ್ದ ಆಫ್ರಿಕದ ಸವಾರರ ತುಕಡಿಯೊಂದು ಜೂಲೂ ಮಹಾಸೈನ್ಯವನ್ನು ಕಣಿವೆಯಲ್ಲಿ ಮೊದಲು ಕಂಡಿತು. ಅಲ್ಲಿದ್ದವರು ಸುಮಾರು ಇಪ್ಪತ್ತು ಸಾವಿರ ಮಂದಿ. ಡರ್ನ್‌ಫರ್ಡನ ಸವಾರರು ಹಳ್ಳವೊಂದರಲ್ಲಿ ಇಳಿದು ನಿಂತು, ತೋಟಾಗಳು ಮುಗಿಯುವವರೆಗೂ ಎದುರಾಳಿಗಳನ್ನು ತಡೆದರು. ಆ ದಿನ ಡರ್ನ್‌ಫರ್ಡನೂ ಪಾಳೆಯದ 1,300ಕ್ಕೂ ಹೆಚ್ಚು ಮಂದಿಯೂ ಹತರಾದರು. ಪಾಳೆಯವು ಚೆಲ್ಲಾಪಿಲ್ಲಿಯಾದಾಗಲೂ ಸಿಮಿಯನ್ನನ ತುಕಡಿಯು ಶಿಸ್ತು ಕೆಡಲಿಲ್ಲ. ಅವರು ಉಕ್ಕಿ ಹರಿಯುತ್ತಿದ್ದ ಬಫಲೋ ನದಿಯನ್ನು ದಾಟಿ, ಆಚೆಯ ದಡದಲ್ಲಿ ತಿರುಗಿ ನಿಂತು ಗುಂಡು ಹಾರಿಸಿ, ಹಿಂದೆ ಓಡಿಬರುತ್ತಿದ್ದವರಿಗೆ ರಕ್ಷೆಯಾದರು. ಈ ಪರಾಕ್ರಮಕ್ಕಾಗಿ ಸಿಮಿಯನ್ನನಿಗೆ ಡಿಸ್ಟಿಂಗ್ವಿಷ್ಡ್ ಕಾಂಡಕ್ಟ್ ಮೆಡಲ್ ಎಂಬ ಗೌರವಪದಕವು ದೊರೆಯಿತು.

ಆ ಯುದ್ಧದ ಸಾಮಾನ್ಯ ಪದಕವು 36 ಮಿಲಿಮೀಟರ್ ಅಗಲದ ಬೆಳ್ಳಿಯ ಬಿಲ್ಲೆ. ಒಂದು ಮುಖದಲ್ಲಿ ವಿಕ್ಟೋರಿಯ ರಾಣಿ, ಇನ್ನೊಂದರಲ್ಲಿ ಪೊದೆಯ ಮುಂದೆ ತಲೆಬಾಗಿದ ಸಿಂಹ. ಅದರಡಿ ಜೂಲೂ ಗುರಾಣಿ ಮತ್ತು ಈಟಿಗಳು. ಪಟ್ಟಿಯ ಮೇಲೆ ಸೇವೆಯ ವರ್ಷವನ್ನು ತೋರಿಸುವ ಒಂದೇ ಒಂದು ಬೆಳ್ಳಿಯ ಸರಳನ್ನು ಧರಿಸಬಹುದಾಗಿತ್ತು. ಗಡಿಯನ್ನು ದಾಟದೆ ನೇಟಾಲಿನಲ್ಲಿಯೇ ಉಳಿದವರಿಗೆ ಆ ಸರಳಿಲ್ಲ. ಅಂಚಿನಲ್ಲಿ ಪಡೆದವನ ಹೆಸರು, ದರ್ಜೆ, ದಳ. ಹೀಗೆ ಅಂಗೈಯಗಲದ ಲೋಹವೇ ಒಬ್ಬನ ಸೇವೆಯ ಶಾಸನವಾಗುತ್ತದೆ.

ಆದಕಾರಣ ಸಂಗ್ರಾಹಕನು ಪದಕದ ಮುಖಕ್ಕಿಂತ ಮೊದಲು ಅಂಚನ್ನು ನೋಡಬೇಕು. ಬೆಲೆಬಾಳುವ ಹೆಸರಿನ ಆಸೆಗೆ ಹಳೆಯ ಹೆಸರನ್ನು ಅರೆದು ಹೊಸದನ್ನು ಕೊರೆಯುವ ವಂಚಕರುಂಟು. ಅರೆದ ಕಡೆ ಅಂಚು ತೆಳುವಾಗಿರುತ್ತದೆ, ವ್ಯಾಸ ಕುಗ್ಗಿರುತ್ತದೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಪದಕಪಟ್ಟಿಗಳೊಡನೆ ಹೆಸರನ್ನು ತಾಳೆ ನೋಡತಕ್ಕದ್ದು. ಆಂಗ್ಲ ಗುಮಾಸ್ತರು ಆಫ್ರಿಕದ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದರು. ಕಾಂಬುಲೆಯೇ ಕಾಂಬುಲ ಎಂದೂ ಕಾಣುತ್ತಾನೆ. ಆದುದರಿಂದ ಅಕ್ಷರಭೇದವೊಂದರಿಂದಲೇ ಪದಕವನ್ನು ಖೋಟಾ ಎನ್ನಲಾಗದು. ಹೊಳಪಿಗಾಗಿ ಉಜ್ಜುವುದೂ, ಒಬ್ಬನ ಪದಕಗಳನ್ನು ಬಿಡಿಬಿಡಿಯಾಗಿ ಮಾರುವುದೂ ಶಾಸನವನ್ನು ಒಡೆದಂತೆಯೇ ಸರಿ.

ಲೋಹವೂ ಮಾತನಾಡುತ್ತದೆ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧವು ಬಿಳಿಯರ ಯುದ್ಧವೆಂದು ಸಾರಲ್ಪಟ್ಟಿತ್ತು. ಆದರೂ ಹತ್ತು ಸಾವಿರಕ್ಕೂ ಹೆಚ್ಚು ಆಫ್ರಿಕದವರ ಕೈಗೆ ಬಂದೂಕು ಕೊಟ್ಟಿದ್ದುದನ್ನು ಕಿಚನರನು 1902ರಲ್ಲಿ ಒಪ್ಪಿಕೊಂಡನು. ಅಂಥ ಚಾರರು ಸೆರೆಸಿಕ್ಕಾಗ ಬೋಯರರು ಅನೇಕರನ್ನು ಗುಂಡಿಟ್ಟು ಕೊಂದರು. ಆ ಯುದ್ಧದಲ್ಲಿ ಸೈನಿಕರಿಗೆ ಬೆಳ್ಳಿಯ ಪದಕ. ಆಯುಧ ಹಿಡಿಯದೆ ದುಡಿದ ಭಾರತೀಯರಿಗೂ ಆಫ್ರಿಕದವರಿಗೂ ಅದೇ ಅಚ್ಚಿನ ಕಂಚು. ಡೋಲಿ ಹೊತ್ತವನ ಮೈಗೆ ಗುಂಡು ತಗಲುವಾಗ ಈ ಭೇದವಿದ್ದಿತೆ?

ಪದಕವು ಪಡೆದವನಿಗೆ ಏನನ್ನು ತಂದಿತೆಂಬುದನ್ನೂ ನಾವು ಕೇಳಬೇಕು. 1913ರ ಭೂಶಾಸನವು ದಕ್ಷಿಣ ಆಫ್ರಿಕದ ಸುಮಾರು ನೂರಕ್ಕೆ ಏಳು ಪಾಲು ನೆಲದ ಹೊರಗೆ ಅಲ್ಲಿನ ಮೂಲನಿವಾಸಿಗಳು ಭೂಮಿ ಕೊಳ್ಳುವುದನ್ನು ತಡೆಯಿತು. ಸಾಮ್ರಾಜ್ಯಕ್ಕೆ ಕಣ್ಣಾಗಿದ್ದವರ ಮಕ್ಕಳಿಗೂ ಅದರಿಂದ ವಿನಾಯಿತಿಯಿರಲಿಲ್ಲ. ಅದೇ ನೇಟಾಲಿನಲ್ಲಿ ಗಾಯಾಳುಗಳನ್ನು ಹೊತ್ತು ಬೋಯರ್ ಯುದ್ಧದ ಮತ್ತು 1906ರ ಜೂಲೂ ದಂಗೆಯ ಪದಕಗಳನ್ನು ಪಡೆದಿದ್ದ ಗಾಂಧೀಜಿಯವರು 1920ರ ಆಗಸ್ಟಿನಲ್ಲಿ ಅವುಗಳನ್ನು ವೈಸರಾಯರಿಗೆ ಹಿಂದಿರುಗಿಸಿದರು.

ಒಬ್ಬನು ಧರಿಸಿದ ಪದಕವೂ ಇನ್ನೊಬ್ಬನು ಹಿಂದಿರುಗಿಸಿದ ಪದಕವೂ ಚರಿತ್ರೆಗೆ ಸಮಾನವಾಗಿ ಬೇಕು. ಬೆಳ್ಳಿಗೆ ತೂಕದ ಬೆಲೆಯುಂಟು. ಅಂಚಿನ ಹೆಸರಿಗೆ ಮಾತ್ರ ಅದನ್ನು ಓದುವ ಕಣ್ಣಿನಿಂದಲೇ ಬೆಲೆ.