ಮುದ್ದೆಗೂ ಮನಸ್ಸಿಗೂ ಏನು ಸಂಬಂಧ?

ಚಳ್ಳಕೆರೆ, ಮೊಳಕಾಲ್ಮುರು ಕಡೆ ಪಿಯುಸಿ ಮುಗಿಸಿದ ಹುಡುಗಿ ‘ಡಿಗ್ರಿಗೆ ಸೈಕಾಲಜಿ, ನ್ಯೂಟ್ರಿಷನ್ ಎರಡೂ ತಗೋತೀನಿ’ ಅಂದರೆ ಮನೆಯಲ್ಲಿ ಮೊದಲು ಏಳುವ ಮಾತು: ‘ಒಂದಕ್ಕೊಂದು ಸಂಬಂಧಾನೇ ಇಲ್ವಲ್ಲ!’

ಇದೆ. ಅಮೆರಿಕದ ಮಿನ್ನೆಸೋಟದಲ್ಲಿ 1944–45ರಲ್ಲಿ ಸಂಶೋಧಕ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಮೈ ಇಳಿದದ್ದು ಸರಿ, ಮನಸ್ಸೂ ಕುಸಿಯಿತು. ಸಿಡುಕು, ಮಂಕು, ಖಿನ್ನತೆ, ಹೊತ್ತುಹೊತ್ತಿಗೂ ಊಟದ್ದೇ ಧ್ಯಾನ. ಕೆಲವರಂತೂ ಅಡುಗೆ ಪುಸ್ತಕ ಹಿಡಿದು ಕೂತರು.

‘ಮುದ್ದೆ ಉಣ್ಣೋರಿಗೆ ಯಾವ ಕೊರತೆ?’ ಇದು ಅರ್ಧ ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಅಕ್ಕಿ ಹತ್ತಿರವೂ ಸುಳಿಯದು. ಆದರೆ ರಾಗಿಯಲ್ಲಿನ ಕಬ್ಬಿಣವನ್ನು ಅದರದ್ದೇ ಫೈಟೇಟ್, ಟ್ಯಾನಿನ್‌ಗಳು ಪೂರ್ತಿ ಮೈಗೆ ಹತ್ತಗೊಡುವುದಿಲ್ಲ. ಉಂಡ ಕೂಡಲೇ ಟೀ ಕುಡಿದರೆ ಇನ್ನೂ ಕಡಿಮೆ. ರಾಗಿಯನ್ನು ಮೊಳಕೆ ಕಟ್ಟಿದರೆ, ಸಾರಿಗೆ ನಿಂಬೆಹಣ್ಣು ಹಿಂಡಿದರೆ ವಾಸಿ. ರಕ್ತಹೀನತೆಯಿಂದ ಸುಸ್ತಾಗಿ ಪಾಠದಲ್ಲಿ ಗಮನ ನಿಲ್ಲದ ಹುಡುಗಿಯನ್ನು ‘ಸೋಮಾರಿ’ ಎಂದು ಬೈಯುವುದು ನಮ್ಮಲ್ಲಿ ಮಾಮೂಲು.

ಇನ್ನೊಂದು ನಂಬಿಕೆ ಓದಿದವರದ್ದೇ: ಆಹಾರದ ಪಟ್ಟಿ ಬರೆದುಕೊಟ್ಟರೆ ಜನ ಹಾಗೇ ಉಣ್ಣುತ್ತಾರೆ ಎಂದು. ಈ ಸೀಮೆಯ ಮ್ಯಾಸನಾಯಕ ಸಮುದಾಯದ ಕಟ್ಟುಪಾಡಿನಲ್ಲಿ ಕೋಳಿ ನಿಷಿದ್ಧ. ಅಂಥ ಮನೆಗೆ ‘ವಾರಕ್ಕೆರಡು ಸಲ ಚಿಕನ್’ ಎಂದು ಬರೆದುಕೊಟ್ಟರೆ ಚೀಟಿ ಗೂಡು ಸೇರುತ್ತದೆ. ಚಳ್ಳಕೆರೆಯನ್ನು ಎಣ್ಣೆ ನಗರ ಮಾಡಿದ ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಜೊತೆಗೆ ಹುರುಳಿ ಉಂಟು ಎಂದು ಹೇಳಲು ಪೋಷಣೆಯ ಓದು ಬೇಕು. ಬಾಣಂತಿಯ ಪಥ್ಯ ಸಡಿಲಿಸಬೇಕಾದರೆ ಮಾತಾಡಬೇಕಾದದ್ದು ಅವಳ ಹತ್ತಿರವಲ್ಲ, ಅತ್ತೆಯ ಹತ್ತಿರ ಎಂದು ತಿಳಿಯಲು ಸೈಕಾಲಜಿಯ ಓದು. ಎರಡನ್ನೂ ಒಟ್ಟಿಗೆ ಕಲಿಯುವುದರ ಲಾಭ ನನಗೆ ಕಾಣುವುದು ಇಲ್ಲೇ.

‘ಸೈಕಾಲಜಿ ಅಂದರೆ ಮನಸ್ಸು ಓದೋದು, ನ್ಯೂಟ್ರಿಷನ್ ಅಂದರೆ ಅಡುಗೆ ಕ್ಲಾಸು.’ ಸೇರಿದ ಮೇಲೆ ಎದುರಾಗುವುದು ಸಂಖ್ಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ. ಎಚ್ಚರ.

‘ಡಿಗ್ರಿ ಆದಮೇಲೆ ಬೋರ್ಡ್ ಹಾಕ್ಕೋಬಹುದು.’ ಆಗದು. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಮಾನ್ಯತೆ ಪಡೆದ ಉನ್ನತ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಎರಡೂ ಬೇಕು. ಮಾತ್ರೆ ಬರೆಯುವವರು ಎಂಬಿಬಿಎಸ್ ಓದಿದ ಮನೋವೈದ್ಯರು. ಡಯಟೀಷಿಯನ್ ಆಗಲೂ ಪದವಿಯ ಮೇಲಿನ ಓದು, ಆಸ್ಪತ್ರೆಯ ಇಂಟರ್ನ್‌ಶಿಪ್ ಇದ್ದರೆ ಮಾತ್ರ ತೂಕ. 2024–25ರಿಂದ ರಾಜ್ಯದಲ್ಲಿ ಮೂರು ವರ್ಷದ ಪದವಿ ಮರಳಿ ಬಂದಿದೆ. ಈ ಎರಡು ವಿಷಯ ಒಂದೇ ಕಾಂಬಿನೇಷನ್‌ನಲ್ಲಿ ಸಿಗುತ್ತವೆಯೇ, ಪಿಯುಸಿಯಲ್ಲಿ ಸೈನ್ಸ್ ಇರಲೇಬೇಕೇ ಎಂಬುದನ್ನು ಫೀಸು ಕಟ್ಟುವ ಮೊದಲೇ ಕಾಲೇಜಿನಲ್ಲಿ ಕೇಳಿಕೊಳ್ಳಿ.