ವಿಶ್ರಾಂತಿ ಕೊಡುವ ನೊಗ

ಮಕ್ಕಳೇ, ನೊಗ ನೋಡಿದ್ದೀರಾ? ಇಲ್ಲದಿದ್ದರೆ ಅಜ್ಜನನ್ನು ಕೇಳಿ. ಎರಡು ಎತ್ತುಗಳ ಹೆಗಲ ಮೇಲೆ ಅಡ್ಡಲಾಗಿ ಇಡುವ ಮರ ಅದು. ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ದಣಿದವರನ್ನು ಕರೆದು ವಿಶ್ರಾಂತಿಯ ಮಾತು ಕೊಡುತ್ತಾರೆ. ಅದರ ಬೆನ್ನಿಗೇ ತಮ್ಮ ನೊಗ ಹೊರಲು ಹೇಳುತ್ತಾರೆ! ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಇದು ತಾಳೆಯಾಗಲಿಲ್ಲ.

ದೇಹದ ವಿಶ್ರಾಂತಿ ಸುಲಭವಾಗಿ ಅರ್ಥವಾಗುತ್ತದೆ. ಇಸ್ರೇಲರ ಸಬ್ಬತ್ ನಿಯಮ ಏಳನೇ ದಿನ ಆಳುಗಳಿಗೂ ಎತ್ತುಗಳಿಗೂ ಬಿಡುವು ಕೊಡಿಸಿತ್ತು. ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರವನ್ನು ವಿರಾಮದ ದಿನವೆಂದು ಸಾರಿದ. ಹೊಲದ ಕೆಲಸಕ್ಕೆ ಮಾತ್ರ ಅಡ್ಡಿಯಿರಲಿಲ್ಲ, ಪಾಪ, ಎತ್ತುಗಳು!

ನೊಗದ ಒಗಟು ಬಿಡಿಸಿದವರು ನನ್ನ ಪಕ್ಕದ ಕೌಂಟರಿನಲ್ಲಿದ್ದ ಮಂಗಳೂರು ಕಡೆಯ ಕ್ರೈಸ್ತ ಗೆಳೆಯರು. ಅವರ ಪತ್ನಿ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ದಿನಾ ಬೆಳಿಗ್ಗೆ ಆಕೆಯ ಮೈ ಒರೆಸಿ, ಗಂಜಿ ಕುಡಿಸಿ ಕೆಲಸಕ್ಕೆ ಬರುತ್ತಿದ್ದರು. ಕಾಯಿಲೆ ವಾಸಿಯಾಗಲಿಲ್ಲ, ಕೆಲಸವೂ ಕಡಿಮೆಯಾಗಲಿಲ್ಲ. ಸಿಡುಕಿದ್ದನ್ನು ಮಾತ್ರ ನಾನು ಕಾಣೆ. ಹೇಗೆ ಸಾಧ್ಯ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನೊಗಕ್ಕೆ ಜೋಡಿ ಬೇಕಲ್ಲ ಮಾರಾಯ್ರೇ? ಆಚೆ ಬದಿಗೆ ಸ್ವಾಮಿ ಹೆಗಲು ಕೊಟ್ಟಿದ್ದಾರೆ ಅಂತ ನನ್ನ ನಂಬಿಕೆ. ರಾತ್ರಿ ಪ್ರಾರ್ಥನೆ ಮಾಡಿ ಮಲಗಿದರೆ ನಿದ್ದೆ ಬರ್ತದೆ" ಎಂದು ಹೇಳಿ, ಮತ್ತೆ ನೋಟು ಎಣಿಸತೊಡಗಿದರು.