ಬಾಯಿ ಬಿಡದ ವೈಸ್

ನಾನು ಕಂಪ್ಯೂಟರಿನಲ್ಲಿ ಮೊದಲ ಸಲ ಜೋಡಿಸಿದ, ವಸ್ತುಗಳನ್ನು ಎರಡು ದವಡೆಗಳ ನಡುವೆ ಬಿಗಿಹಿಡಿಯುವ ಬೆಂಚ್ ವೈಸ್ ಬಾಯಿ ಬಿಡಲೇ ಇಲ್ಲ. ಭಾಗಗಳು ಅಲುಗದಿರಲಿ ಎಂದು ಕಂಡಲ್ಲೆಲ್ಲ 'ರಿಜಿಡ್ ಜಾಯಿಂಟ್' ಕೊಟ್ಟಿದ್ದೆ. ಹಿಡಿ ತಿರುಗದು, ದವಡೆ ಜಾರದು. ನೋಡಲು ವೈಸ್, ಕೆಲಸಕ್ಕೆ ಕಬ್ಬಿಣದ ಮುದ್ದೆ.

ಬಿಡಿಯಾಗಿರುವ ಯಾವುದೇ ಗಟ್ಟಿ ವಸ್ತುವಿಗೆ 6 ಬಗೆಯ ಚಲನೆಯುಂಟು. ಹಿಂದೆಮುಂದೆ, ಎಡಬಲ, ಮೇಲೆಕೆಳಗೆ ಸರಿಯುವುದು ಮೂರು. ಆ ಮೂರು ಅಕ್ಷಗಳ ಸುತ್ತ ತಿರುಗುವುದು ಮೂರು. ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನ ವಿನ್ಯಾಸ ತಂತ್ರಾಂಶದಲ್ಲಿ, ಜೋಡಣೆಯೆಂದರೆ ಈ ಆರರಲ್ಲಿ ಎಷ್ಟನ್ನು ಕಿತ್ತುಕೊಳ್ಳುತ್ತೀರಿ ಎಂಬ ಲೆಕ್ಕ ಅಷ್ಟೆ. ವೈಸಿನ ದವಡೆಗೆ ಗೀರುಗೀರಾದ ಉಕ್ಕಿನ ಪಟ್ಟಿಯೊಂದನ್ನು ಎರಡು ಸ್ಕ್ರೂ ಹಾಕಿ ಕೂರಿಸಿರುತ್ತಾರಲ್ಲ, ಅದನ್ನೇ ನೋಡಿ. ಪಟ್ಟಿಯ ಬೆನ್ನನ್ನು ದವಡೆಗೆ ತಾಗಿಸಿದರೆ 3 ಚಲನೆ ಹೋದವು. ತೂತಿಗೆ ತೂತು ಕೂಡಿಸಿದರೆ ಇನ್ನೆರಡು. ಉಳಿದದ್ದು ಆ ತೂತಿನ ಸುತ್ತ ಗಿರಕಿ ಹೊಡೆಯುವುದೊಂದೇ.

ಎರಡನೆಯ ತೂತನ್ನೂ ಕೂಡಿಸಿದರಾಯಿತು ಎಂದುಕೊಂಡೆ. ಪರದೆ ಕೆಂಪಾಯಿತು. ದವಡೆಯ ತೂತುಗಳ ನಡುವೆ 60 ಮಿ.ಮೀ., ಪಟ್ಟಿಯಲ್ಲಿ 60.1! ವರ್ಕ್‌ಶಾಪಿನಲ್ಲಾದರೆ ಎಂ6 ಸ್ಕ್ರೂಗೆ ಪಟ್ಟಿಯಲ್ಲಿ 6.6 ಮಿ.ಮೀ. ತೂತು ಕೊರೆಯುತ್ತಾರೆ, ಇಂಥ ವ್ಯತ್ಯಾಸವನ್ನು ಆ ಸಡಿಲೇ ನುಂಗುತ್ತದೆ. ಕಂಪ್ಯೂಟರಿಗೆ ತೂತಿನ ಅಕ್ಷವೆಂದರೆ ದಪ್ಪವೇ ಇಲ್ಲದ ಗೆರೆ, ಅಲ್ಲಿ ಸಡಿಲಿಗೆ ಜಾಗವೆಲ್ಲಿ? ಆ ಕೂಡಿಕೆ ಅಳಿಸಿ, ಪಟ್ಟಿಯ ಅಂಚು ದವಡೆಯ ಅಂಚಿಗೆ ಸಮಾನಾಂತರವಾಗಿರಲಿ ಎಂದೆ. ಒಪ್ಪಿಕೊಂಡಿತು.

ಗೆರೆಗಳಿಗೆ ಹೀಗೆ ಷರತ್ತು ಹಾಕಿ, ಬಿಡಿಸುವ ಕೆಲಸವನ್ನು ಕಂಪ್ಯೂಟರಿಗೇ ಬಿಡುವ ಉಪಾಯ ಹಳೆಯದು. ಐವನ್ ಸದರ್ಲೆಂಡ್ ಎಂಐಟಿಯಲ್ಲಿ 1963ರಲ್ಲಿ ಮಂಡಿಸಿದ ಸ್ಕೆಚ್‌ಪ್ಯಾಡ್ ಎಂಬ ಚಿತ್ರ ಬರೆಯುವ ಪ್ರೋಗ್ರಾಮಿನಲ್ಲೇ ಅದಿತ್ತು.

ರಿಜಿಡ್ ಜಾಯಿಂಟ್‌ಗೆ ಚಲನೆಗಳನ್ನು ಹೀಗೆ ಬಿಡಿಬಿಡಿಯಾಗಿ ಕೀಳುವ ಚೌಕಾಸಿ ಬೇಕಿಲ್ಲ, ಆರನ್ನೂ ಒಂದೇ ಏಟಿಗೆ ಕಸಿಯುತ್ತದೆ. ಕ್ಯಾಡ್ ತಂತ್ರಾಂಶಗಳ ಪೈಕಿ ಫ್ಯೂಷನ್‌ನಲ್ಲಿ ಈ ಹೆಸರು, ಸಾಲಿಡ್‌ವರ್ಕ್ಸ್‌ನಲ್ಲಿ 'ಲಾಕ್', ಫ್ರೀಕ್ಯಾಡ್‌ನಲ್ಲಿ 'ಫಿಕ್ಸ್ಡ್'. ಭಾಗಗಳು ಒಂದಕ್ಕೊಂದು ತಾಗಬೇಕೆಂದೂ ಇಲ್ಲ. ಒಂದು ಮೀಟರ್ ದೂರವಿದ್ದರೂ ಸರಿ, ಇದನ್ನು ಎಳೆದರೆ ಅದೂ ಹಿಂದೆಯೇ ಬರುತ್ತದೆ, ಕಾಣದ ಕೋಲಿಗೆ ಕಟ್ಟಿದಂತೆ.

ಕೊನೆಗೆ ವೈಸನ್ನು ಬಿಚ್ಚಿ ಹೊಸದಾಗಿ ಜೋಡಿಸಿದೆ. ತಳ, ಅದಕ್ಕಂಟಿದ ದವಡೆ, ಒಳಗಿನ ನಟ್ಟು, ಇವಿಷ್ಟೂ ರಿಜಿಡ್. ಮುಂದಿನ ದವಡೆಗೆ ಜಾರುವ ಒಂದೇ ದಾರಿ. ಹಿಡಿ ಒಂದು ಸುತ್ತು ಹೋದರೆ ಆ ದವಡೆ 4 ಮಿ.ಮೀ. ಸರಿಯಬೇಕೆಂದು ಹಿಡಿ ತಿರುಗಿಸುವ ಸ್ಕ್ರೂಗೆ ಹೇಳಿದೆ. ಬಾಯಿ ತೆರೆಯಿತು. ಪಟ್ಟಿಯ ಆ ಎರಡು ಸ್ಕ್ರೂಗಳನ್ನು ಮಾತ್ರ ಇವತ್ತಿಗೂ ಹಾಕಿಲ್ಲ. ಪರದೆಯ ಮೇಲೆ ಪಟ್ಟಿ ಕಳಚಿ ಬೀಳುವುದಿಲ್ಲವಲ್ಲ.